ಗಾಜಿನ ಮನೆಯ ಜಗಳ

ಬಂಗಾರಪೇಟೆಯ ಬಳಿ ಕವಲೊಡೆಯುವ ರೈಲುದಾರಿಯ ಕಟ್ಟಕಡೆಯ ನಿಲ್ದಾಣ ಮಾರಿಕುಪ್ಪಂ. ಕೋಲಾರದ ಚಿನ್ನದ ಗಣಿಗಳ ಊರಿಗೆ ಅದೊಂದು ಬಾಗಿಲು. 1969ರ ಜುಲೈ ತಿಂಗಳಿನಲ್ಲಿ, ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಬಂಡೆ ಕೊರೆಯುತ್ತಿದ್ದ ಅಲ್ಲಿಯ ಗಣಿ ಕಾರ್ಮಿಕನಿಗೆ ಅರಿವಿಲ್ಲದಂತೆಯೇ ಆತನ ಯಜಮಾನರು ಬದಲಾದರು. ಮೈಸೂರು ಸರ್ಕಾರ 1956ರಲ್ಲಿ ಜಾನ್ ಟೇಲರ್ ಕಂಪೆನಿಯಿಂದ ವಹಿಸಿಕೊಂಡಿದ್ದ ಗಣಿಗಳು 1962ರ ಡಿಸೆಂಬರಿನಲ್ಲಿ ಕೇಂದ್ರದ ಅರ್ಥಖಾತೆಯ ಅಧೀನಕ್ಕೆ ಹೋಗಿದ್ದವು. ಆ ಖಾತೆ ಜುಲೈ 16ರಂದು ಶ್ರೀ ಮೊರಾರ್ಜಿ ದೇಸಾಯಿಯವರ ಕೈಯಿಂದ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರ ಕೈಗೆ ಹೋಯಿತು. ಇದಕ್ಕೆ ಕಾರಣ ಗಣಿಯ ಲಾಭನಷ್ಟವಲ್ಲ, ಚಿನ್ನದ ಬೆಲೆಯೂ ಅಲ್ಲ. ಮಾರಿಕುಪ್ಪಂನಿಂದ ನೂರು ಕಿಲೋಮೀಟರಿನೊಳಗಿನ ಬೆಂಗಳೂರಿನಲ್ಲಿ, ಒಂದು ಪಕ್ಷದ ಹಿರಿಯರು ತಮ್ಮ ರಾಷ್ಟ್ರಪತಿ ಅಭ್ಯರ್ಥಿ ಯಾರಾಗಬೇಕೆಂದು ಜಗಳವಾಡಿದ್ದರು, ಅಷ್ಟೇ.

ಆದರೆ ಆ ‘ಅಷ್ಟೇ’ ಎಷ್ಟು ದೊಡ್ಡದಾಯಿತೆಂಬುದು ಈಗ ಚರಿತ್ರೆಯ ವಿಷಯ.

ಬರಿದಾದ ಪೀಠ

ರಾಷ್ಟ್ರಪತಿ ಡಾಕ್ಟರ್ ಜಾಕಿರ್ ಹುಸೇನರು 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಸ್ವತಂತ್ರ ಭಾರತದಲ್ಲಿ ಅಂಥ ಪ್ರಸಂಗ ಅದೇ ಮೊದಲು. ಉಪರಾಷ್ಟ್ರಪತಿ ಶ್ರೀ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಅವರು ಮೈಸೂರಿಗೆ ಹೊಸಬರಲ್ಲ. 1965ರಿಂದ 1967ರವರೆಗೆ ಈ ರಾಜ್ಯದ ರಾಜ್ಯಪಾಲರಾಗಿದ್ದವರು. ಜೀವನವನ್ನು ಆರಂಭಿಸಿದುದು ರೈಲ್ವೆ ಕಾರ್ಮಿಕರ ಸಂಘಟನೆಯಲ್ಲಿ. ನೆಹರೂ ಮಂತ್ರಿಮಂಡಲದಲ್ಲಿ ಕಾರ್ಮಿಕ ಸಚಿವರಾಗಿದ್ದಾಗ, ಬ್ಯಾಂಕ್ ನೌಕರರ ಪರವಾದ ತೀರ್ಪನ್ನು ಸರ್ಕಾರ ತಿದ್ದಿತೆಂದು 1954ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದಿದ್ದರು. ಪದವಿಗಿಂತ ಮಾತು ದೊಡ್ಡದೆಂದು ಒಮ್ಮೆ ತೋರಿಸಿಕೊಟ್ಟ ಮನುಷ್ಯ. ಉಪರಾಷ್ಟ್ರಪತಿಯಾದವರು ರಾಷ್ಟ್ರಪತಿಯಾಗುವುದು ರಾಧಾಕೃಷ್ಣನ್ ಮತ್ತು ಜಾಕಿರ್ ಹುಸೇನರ ಕಾಲದಿಂದ ಬಂದಿದ್ದ ಸಂಪ್ರದಾಯ. ತಮ್ಮ ಸರದಿ ಬಂದಿತೆಂದು ಗಿರಿಯವರು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಾಂಗ್ರೆಸ್ಸಿನ ಹಿರಿಯರ ಲೆಕ್ಕವೇ ಬೇರೆ. 1967ರ ಚುನಾವಣೆಯಲ್ಲಿ ಪಕ್ಷ ಹಲವು ರಾಜ್ಯಗಳನ್ನು ಕಳೆದುಕೊಂಡಿತ್ತು. ಮುಂದಿನ ಚುನಾವಣೆಯಲ್ಲಿ ಲೋಕಸಭೆಯಲ್ಲಿಯೂ ಸ್ಪಷ್ಟ ಬಹುಮತ ಬಾರದಿದ್ದರೆ, ಪ್ರಧಾನಿಯಾಗಲು ಯಾರನ್ನು ಕರೆಯಬೇಕೆಂಬುದನ್ನು ನಿರ್ಣಯಿಸುವವರು ರಾಷ್ಟ್ರಪತಿಗಳು. ಆದುದರಿಂದ ಅಲಂಕಾರದ ಪೀಠವೆಂದು ತೋರುತ್ತಿದ್ದ ಸ್ಥಾನಕ್ಕೆ ಹಠಾತ್ತನೆ ಬೆಲೆ ಬಂದಿತು. ‘ಸಿಂಡಿಕೇಟ್’ ಎಂದು ಪತ್ರಿಕೆಗಳು ಕರೆಯುತ್ತಿದ್ದ ಗುಂಪಿನ ಕಾಮರಾಜ್, ಎಸ್. ಕೆ. ಪಾಟೀಲ್, ಅತುಲ್ಯ ಘೋಷ್ ಮೊದಲಾದವರಿಗೆ ಆ ಪೀಠದಲ್ಲಿ ತಮ್ಮವರೇ ಕುಳಿತಿರಬೇಕೆಂಬ ಅಪೇಕ್ಷೆ. ಪ್ರಧಾನಿಗೆ ಅದೇ ಕಾರಣದಿಂದ ಅವರ ಮನುಷ್ಯ ಬೇಡವೆಂಬ ಆತಂಕ.

ಪಕ್ಷದ ಅಧ್ಯಕ್ಷತೆ ಆಗ ಕನ್ನಡಿಗರದು. ಎಸ್. ನಿಜಲಿಂಗಪ್ಪನವರು 1968ರಲ್ಲಿ ಆ ಸ್ಥಾನಕ್ಕೆ ಬಂದು, ಅದೇ ವರ್ಷ ಮೈಸೂರಿನ ಮುಖ್ಯಮಂತ್ರಿ ಪದವಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟಿದ್ದರು. ವಿಶೇಷವೆಂದರೆ, ಚಿನ್ನದ ಗಣಿಗಳು 1956ರ ನವೆಂಬರಿನಲ್ಲಿ ರಾಜ್ಯದ ಕೈಗೆ ಬಂದಾಗಲೂ 1962ರಲ್ಲಿ ಕೇಂದ್ರಕ್ಕೆ ಹೋದಾಗಲೂ ಮುಖ್ಯಮಂತ್ರಿಗಳಾಗಿದ್ದವರು ಅವರೇ. ರಾಷ್ಟ್ರೀಕರಣದ ಶತ್ರುವೆಂದು ಅವರನ್ನು 1969ರಲ್ಲಿ ಜರೆದವರಿಗೆ ಈ ಸಂಗತಿ ನೆನಪಿಗೆ ಬಂದಂತೆ ಕಾಣಲಿಲ್ಲ.

ಲಾಲ್‌ಬಾಗಿನ ಅಧಿವೇಶನ

ಜುಲೈ ಎರಡನೆಯ ವಾರದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಬೆಂಗಳೂರಿನಲ್ಲಿ ಸೇರಿತು. ಸಭೆಗೆ ಗೊತ್ತಾದ ಸ್ಥಳ ಲಾಲ್‌ಬಾಗಿನ ಗಾಜಿನ ಮನೆ. ಹೂವಿನ ಪ್ರದರ್ಶನಕ್ಕೆಂದು ಮಕ್ಕಳುಮರಿಗಳೊಡನೆ ಜನ ಹೋಗುವ ಆ ಮನೆಯಲ್ಲಿ ಈ ಬಾರಿ ಅರಳಿದುದು ಬೇರೆಯ ಹೂವು. ಪ್ರಧಾನಿಯವರು ಮೊದಲು ತಾವು ಬರದೆ, ಬ್ಯಾಂಕುಗಳ ವಿಷಯವೂ ಸೇರಿದಂತೆ ಆರ್ಥಿಕ ನೀತಿಯ ಬಗ್ಗೆ ‘ಬಿಡಿ ವಿಚಾರಗಳು’ ಎಂದು ಹೇಳಿಕೊಂಡ ಒಂದು ಟಿಪ್ಪಣಿಯನ್ನು ಫಕ್ರುದ್ದೀನ್ ಅಲಿ ಅಹಮದರ ಕೈಯಲ್ಲಿ ಕಳುಹಿಸಿದರು. ನಿಜವಾದ ಪರೀಕ್ಷೆ ನಡೆದುದು ಜುಲೈ 12ರಂದು ಸೇರಿದ ಪಕ್ಷದ ಪಾರ್ಲಿಮೆಂಟರಿ ಮಂಡಲಿಯಲ್ಲಿ.

ಅಲ್ಲಿ ಎರಡು ಹೆಸರುಗಳು ಎದುರುಬದುರಾದವು. ಒಂದು, ಲೋಕಸಭೆಯ ಸಭಾಪತಿ ನೀಲಂ ಸಂಜೀವ ರೆಡ್ಡಿಯವರದು. ಕೋಲಾರ ಸೀಮೆಗೆ ನೆರೆಯಾದ ಅನಂತಪುರ ಜಿಲ್ಲೆಯವರು, ಆಂಧ್ರದ ಮುಖ್ಯಮಂತ್ರಿಗಳಾಗಿದ್ದವರು, ಹಿರಿಯರ ಗುಂಪಿಗೆ ಆಪ್ತರು. ಇನ್ನೊಂದು, ಪ್ರಧಾನಿಯವರು ಮುಂದಿಟ್ಟ ಬಾಬು ಜಗಜೀವನ ರಾಮರ ಹೆಸರು. ಅದು ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷ. ಹರಿಜನ ನಾಯಕರೊಬ್ಬರು ರಾಷ್ಟ್ರದ ಪ್ರಥಮ ಪ್ರಜೆಯಾಗುವುದಕ್ಕಿಂತ ಮಿಗಿಲಾದ ಶ್ರದ್ಧಾಂಜಲಿ ಯಾವುದು, ಎಂಬುದು ವಾದ. ವಾದದ ಹಿಂದೆ ತಂತ್ರವೂ ಇದ್ದಿರಬಹುದು. ಆದರೆ ದಲಿತ ಕುಟುಂಬಗಳೇ ಬಹುಸಂಖ್ಯೆಯಲ್ಲಿದ್ದ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳಲ್ಲಿ ಆ ವಾದಕ್ಕೆ ತಂತ್ರವನ್ನು ಮೀರಿದ ಅರ್ಥವಿದ್ದಿತು. ಆ ಅರ್ಥ ಕೆ. ಆರ್. ನಾರಾಯಣನ್ನರ ರೂಪದಲ್ಲಿ ರಾಷ್ಟ್ರಪತಿ ಭವನದ ಹೊಸ್ತಿಲು ದಾಟಲು 1997ರವರೆಗೆ ಕಾಯಬೇಕಾಯಿತು.

ಮಂಡಲಿಯಲ್ಲಿ ಮೊರಾರ್ಜಿ, ಕಾಮರಾಜ್, ಪಾಟೀಲರು ರೆಡ್ಡಿಯವರ ಪರ. ಗೃಹಮಂತ್ರಿ ಯಶವಂತರಾವ್ ಚವಾಣರು ತಮ್ಮ ಕಡೆಯವರೆಂದು ಪ್ರಧಾನಿ ನಂಬಿದ್ದರು. ಚವಾಣರೂ ರೆಡ್ಡಿಯವರ ಕಡೆಗೆ ವಾಲಿದರು. ಬಹುಮತದಿಂದ ಸಂಜೀವ ರೆಡ್ಡಿಯವರೇ ಅಭ್ಯರ್ಥಿಯೆಂದು ನಿರ್ಧಾರವಾಯಿತು. ತಮ್ಮ ಪಕ್ಷದ ಮನೆಯಲ್ಲಿಯೇ ಪ್ರಧಾನಿ ಸೋತರು. ಮಾರನೆಯ ದಿನವೇ ಗಿರಿಯವರು ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲುವುದಾಗಿ ಸಾರಿದರು.

ಲಗ್ನಪತ್ರಿಕೆಗೆ ಸಹಿ

ಮುಂದಿನ ಒಂದು ವಾರದಲ್ಲಿ ನಡೆದ ಘಟನೆಗಳ ವೇಗ ಬೆರಗುಗೊಳಿಸುವಂಥದು. 16ರಂದು ಮೊರಾರ್ಜಿಯವರಿಂದ ಅರ್ಥಖಾತೆಯನ್ನು ಕಿತ್ತುಕೊಳ್ಳಲಾಯಿತು. ಅವರು ಮಂತ್ರಿಮಂಡಲವನ್ನೇ ತೊರೆದರು. 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳು ಸುಗ್ರೀವಾಜ್ಞೆಯ ಮೂಲಕ ರಾಷ್ಟ್ರೀಕೃತವಾದವು. ಆ ಆಜ್ಞೆಗೆ ಸಹಿ ಹಾಕಿದವರು, ಮಾರನೆಯ ದಿನ ಪದವಿಯನ್ನು ಬಿಡಲಿದ್ದ ಗಿರಿಯವರು. ಬ್ಯಾಂಕಿನ ವಿಷಯಕ್ಕೆ ಒಮ್ಮೆ ಪದವಿ ಬಿಟ್ಟವರಿಗೆ, ಮತ್ತೊಮ್ಮೆ ಪದವಿ ಬಿಡುವ ಮುನ್ನ ಬ್ಯಾಂಕಿನದೇ ಕೆಲಸ ದೊರೆತುದು ಕಾಲದ ಚಮತ್ಕಾರ. 14 ಕ್ಯಾರೆಟ್ಟಿಗಿಂತ ಹೆಚ್ಚು ಅಪ್ಪಟವಾದ ಒಡವೆ ಮಾಡಕೂಡದೆಂಬ 1963ರ ಆಜ್ಞೆಯ ಕರ್ತೃ ಮೊರಾರ್ಜಿಯವರೇ ಎಂಬುದನ್ನು ಮರೆಯದಿದ್ದ ಅಕ್ಕಸಾಲಿಗರ ಬೀದಿಗಳಲ್ಲಿ, ಅವರ ನಿರ್ಗಮನಕ್ಕೆ ಹೆಚ್ಚು ಕಣ್ಣೀರು ಹರಿದಿರಲಾರದು.

ಇತ್ತ ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಮಾಡಿದವರು ಸ್ವತಃ ಇಂದಿರಾ ಗಾಂಧಿಯವರು. ಹಿರಿಯರು ಗೊತ್ತುಮಾಡಿದ ಸಂಬಂಧಕ್ಕೆ ಒಲ್ಲದ ಮನಸ್ಸಿನಿಂದ ಲಗ್ನಪತ್ರಿಕೆಯ ಮೇಲೆ ಸಹಿ ಹಾಕಿದಂತಾಯಿತು. ಸಹಿ ಹಾಕಿದ ಮೇಲೆ ಛತ್ರಕ್ಕೆ ಬಂದು ನಿಲ್ಲಬೇಕೆ, ಬೇಡವೆ? ಅಲ್ಲಿಂದ ಮುಂದಿನ ಜಗಳವೆಲ್ಲ ಈ ಒಂದು ಪ್ರಶ್ನೆಯದು.

ಹಾಗೆ ಬಂದು ನಿಲ್ಲದಿರಲು ನೆಪವನ್ನು ಒದಗಿಸಿದವರು ಪಕ್ಷದ ಅಧ್ಯಕ್ಷರೇ. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ರಿಸರ್ವ್ ಬ್ಯಾಂಕಿನ ಗವರ್ನರೂ ಅರ್ಥಮಂತ್ರಿಯೂ ಆಗಿದ್ದ ಶ್ರೀ ಸಿ. ಡಿ. ದೇಶಮುಖರನ್ನು ನಿಲ್ಲಿಸಿದ್ದವು. ನಿಜಲಿಂಗಪ್ಪನವರು ಆ ಪಕ್ಷಗಳ ಮುಖಂಡರನ್ನು ಕಂಡು, ಅವರ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿಯವರಿಗೆ ಕೇಳಿದರು. ಮತ ಕೇಳುವುದು ಅಪರಾಧವಲ್ಲ. ಆದರೆ ಪ್ರಧಾನಿಯ ಬೆಂಬಲಿಗರಿಗೆ ಅಷ್ಟೇ ಸಾಕಾಯಿತು. ಪಕ್ಷದ ತತ್ತ್ವಗಳ ವಿರೋಧಿಗಳೊಡನೆ ಒಪ್ಪಂದವಾಗಿದೆ, ಇನ್ನು ಪ್ರತಿಯೊಬ್ಬ ಸದಸ್ಯನೂ ತನ್ನ ಆತ್ಮಸಾಕ್ಷಿಯಂತೆ ಮತ ನೀಡಲು ಬಿಡಬೇಕು ಎಂಬ ಕೂಗೆದ್ದಿತು. ವಿಪ್ ಹೊರಡಿಸಬೇಕೆಂಬ ಒತ್ತಾಯಕ್ಕೆ ಪ್ರಧಾನಿ ಮಣಿಯಲಿಲ್ಲ. ಗಿರಿಯವರ ಬೆನ್ನಿಗೆ ಕಮ್ಯೂನಿಸ್ಟರೂ ದ್ರಾವಿಡ ಮುನ್ನೇಟ್ರ ಕಳಗದವರೂ ನಿಂತರು. ಆ ಬಾವುಟಗಳು ಚಿನ್ನದ ಗಣಿಯ ಬಡಾವಣೆಗಳಿಗೂ ಅಪರಿಚಿತವಾಗಿರಲಿಲ್ಲ.

ಮತದ ತೂಕ

ಈ ಚುನಾವಣೆಯ ಲೆಕ್ಕ ಚಿನಿವಾರರ ತಕ್ಕಡಿಯಷ್ಟು ಸೂಕ್ಷ್ಮ. ಶಾಸಕರ ಮತಗಳೆಲ್ಲ ಸಮಾನ ತೂಕದವಲ್ಲ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಶಾಸಕರೊಬ್ಬರ ಮತದ ಬೆಲೆ ಸಿಕ್ಕುತ್ತದೆ. 1961ರ ಜನಗಣತಿಯಂತೆ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು 2 ಕೋಟಿ 36 ಲಕ್ಷ, ಸದಸ್ಯರು 216. ಆದುದರಿಂದ ಇಲ್ಲಿಯ ಶಾಸಕರ ಒಂದು ಮತಕ್ಕೆ 109ರ ಬೆಲೆ. ಸಂಸತ್ಸದಸ್ಯರ ಮತಕ್ಕೆ ಆ ವರ್ಷ 576. ಮತದಾನ ಗುಪ್ತ. ಮತದಾರನು ಒಬ್ಬ ಅಭ್ಯರ್ಥಿಯನ್ನಷ್ಟೇ ಅಲ್ಲ, ಎರಡನೆಯ, ಮೂರನೆಯ ಆಯ್ಕೆಗಳನ್ನೂ ಗುರುತಿಸಬಹುದು.

ಆಗಸ್ಟ್ 16ರಂದು ಮತದಾನವಾಯಿತು, 20ರಂದು ಎಣಿಕೆ. ಕಣದಲ್ಲಿ ಹದಿನೈದು ಮಂದಿ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಾಗಿದ್ದುದು 4,18,169. ಯಾರೂ ಆ ಗೆರೆಯನ್ನು ಮುಟ್ಟಲಿಲ್ಲ. ಎರಡನೆಯ ಪ್ರಾಶಸ್ತ್ಯಗಳನ್ನು ಎಣಿಸಿದಾಗ ರೆಡ್ಡಿಯವರಿಗೆ 91 ಸಾವಿರಕ್ಕೂ ಹೆಚ್ಚು ಮತಗಳು ಕೂಡಿಬಂದವು; ಗಿರಿಯವರಿಗೆ 18 ಸಾವಿರದ ಆಸುಪಾಸು ಮಾತ್ರ. ಆದರೂ ಗಿರಿಯವರು 4,20,077ಕ್ಕೆ ಏರಿ ಗೆದ್ದರು. ರೆಡ್ಡಿಯವರು 4,05,427ಕ್ಕೆ ನಿಂತರು. ಅಂತರ 14,650. ಹದಿಮೂರು ಮಂದಿ ಸಂಸತ್ಸದಸ್ಯರು ಅತ್ತಣಿಂದ ಇತ್ತ ಹೊರಳಿದ್ದರೆ ಫಲವೇ ಬೇರೆಯಾಗುತ್ತಿತ್ತು.

ಅಂದರೆ, ನಿಜಲಿಂಗಪ್ಪನವರು ಹೊರಗಿನವರಿಂದ ಕೇಳಿದ ಮತಗಳು ಬಹುಮಟ್ಟಿಗೆ ಬಂದವು. ಬಾರದೆ ಹೋದುದು ಮನೆಯವರ ಮತಗಳು.

ಯಾರದು ಸರಿ?

ಇಬ್ಬರ ಕಡೆಗೂ ನ್ಯಾಯವಿದೆ; ಇಬ್ಬರ ಕಡೆಗೂ ಲೋಪವಿದೆ. ಮಂಡಲಿಯಲ್ಲಿ ಮಾತನಾಡಿ, ಮತ ಹಾಕಿ, ಸೋತ ಮೇಲೆ ತೀರ್ಮಾನಕ್ಕೆ ತಲೆಬಾಗುವುದು ಪಕ್ಷವೆಂಬ ಸಂಸ್ಥೆಯ ಮೊದಲ ಧರ್ಮ. ಗೆದ್ದಾಗ ಮಾತ್ರ ಒಪ್ಪುವುದಾದರೆ ಮತಕ್ಕೆ ಹಾಕುವುದೇಕೆ? ನಾಮಪತ್ರಕ್ಕೆ ಸಹಿ ಮಾಡಿದವರು ಆತ್ಮಸಾಕ್ಷಿಯ ಮಾತನ್ನು ಸಹಿಗೆ ಮೊದಲೇ ಆಡಬೇಕಾಗಿದ್ದಿತು. ಆದರೆ ರಾಷ್ಟ್ರಪತಿಯ ಚುನಾವಣೆಯನ್ನು ಸಂವಿಧಾನ ಗುಪ್ತ ಮತದಾನವನ್ನಾಗಿ ಮಾಡಿರುವುದು ಸುಮ್ಮನಲ್ಲ. ಆ ಪೀಠ ಪಕ್ಷದ ಆಸ್ತಿಯಲ್ಲ. ಅದನ್ನು ಪ್ರಧಾನಿಯ ಮೇಲಿನ ಅಂಕುಶವನ್ನಾಗಿ ಮಾಡಿಕೊಳ್ಳಲು ಹಿರಿಯರು ಹೊರಟಿದ್ದರೆ, ಅದನ್ನು ತಡೆಯಲು ಪ್ರಧಾನಿಗೆ ಹಕ್ಕಿದ್ದಿತು. ಆದರೆ ಹಕ್ಕಿಗೂ ಹಾದಿಗೂ ಅಂತರವಿದೆ. ಅಭ್ಯರ್ಥಿಯನ್ನು ಬಹಿರಂಗವಾಗಿ ವಿರೋಧಿಸಿ ಹೊರಗೆ ನಿಲ್ಲುವುದು ಒಂದು ಹಾದಿ. ಸೂಚಕರಾಗಿ ಒಳಗಿದ್ದೇ ಅಡಿಪಾಯವನ್ನು ಸಡಿಲಿಸುವುದು ಇನ್ನೊಂದು.

ಪರಿಣಾಮಗಳು ದೂರ ಹೋದವು. 1969ರ ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು, ಪಕ್ಷ ಎರಡಾಯಿತು. ಮೈಸೂರಿನಲ್ಲಿ ವೀರೇಂದ್ರ ಪಾಟೀಲರು ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಇಂದಿರಾ ಪಕ್ಷಕ್ಕೆ ಡಿ. ದೇವರಾಜ ಅರಸರು ಮುಂದಾಳಾದರು. 1971ರಲ್ಲಿ ಈ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಗಾಂಧಿಯವರ ಪಾಲಾದವು. 1972ರಲ್ಲಿ ಅರಸರು ಮುಖ್ಯಮಂತ್ರಿಗಳಾದರು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಅವರು ರಾಷ್ಟ್ರಪತಿಯಾಗಿರುವಾಗಲೇ ಸುಪ್ರೀಂ ಕೋರ್ಟಿನಲ್ಲಿ ಸಾಕ್ಷ್ಯ ನುಡಿದರು. ಅರ್ಜಿ 1970ರಲ್ಲಿ ವಜಾ ಆಯಿತು. ಬೆಂಗಳೂರಿನಲ್ಲಿ ಗೆದ್ದು ದೆಹಲಿಯಲ್ಲಿ ಸೋತ ಸಂಜೀವ ರೆಡ್ಡಿಯವರು 1977ರಲ್ಲಿ ಜನತಾ ಸರ್ಕಾರದ ಕಾಲದಲ್ಲಿ ಅದೇ ಪೀಠಕ್ಕೆ ಅವಿರೋಧವಾಗಿ ಆಯ್ಕೆಯಾದರು. ಅವರಿಗೆ ಅದನ್ನು ಬಿಟ್ಟುಕೊಟ್ಟ ಹಂಗಾಮಿ ರಾಷ್ಟ್ರಪತಿ, ಮೈಸೂರಿನ ಹಳೆಯ ಮುಖ್ಯಮಂತ್ರಿ ಬಿ. ಡಿ. ಜತ್ತಿಯವರು. ಅರ್ಥಖಾತೆಯಿಂದ ಅರ್ಥಖಾತೆಗೆ ಕೈಬದಲಾಗಿದ್ದ ಗಣಿಗಳು 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಬ್ಯಾಂಕುಗಳಿಗೆ ದೊರೆತ ಗಮನದ ಒಂದಂಶವಾದರೂ ಈ ಗಣಿಗಳಿಗೆ ದೊರೆಯಿತೆಂದು ಕಾರ್ಮಿಕರು ಎಣಿಸಲಾರರು.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದಂಥದು. ಬೆಂಗಳೂರಿನ ಆ ಸಭೆಯಲ್ಲಿ ಪ್ರಧಾನಿಯೊಬ್ಬರಿಗೆ ಅವರ ಪಕ್ಷದ ಸಹೋದ್ಯೋಗಿಗಳು ಎದುರಿಗೇ ‘ಇಲ್ಲ’ವೆಂದು ಮತ ನೀಡಬಲ್ಲವರಾಗಿದ್ದರು. ಅವರ ಉದ್ದೇಶ ಶುದ್ಧವೋ ಅಲ್ಲವೋ, ಆ ಧೈರ್ಯವಾದರೂ ಇದ್ದಿತು. ಹಾಗೆ ‘ಇಲ್ಲ’ವೆಂದವರ ಗತಿಯೇನಾಯಿತೆಂಬುದನ್ನು ಕಂಡ ಮೇಲೆ, ಎಲ್ಲ ಪಕ್ಷಗಳಲ್ಲಿಯೂ ಮೊದಲು ದೊಡ್ಡವರ ಮನಸ್ಸನ್ನು ತಿಳಿದುಕೊಂಡು, ಅನಂತರ ಸರ್ವಾನುಮತದ ನಿರ್ಣಯ ಬರೆಯುವ ಜಾಣ್ಮೆ ಬೆಳೆಯಿತು. ಸರ್ವಾನುಮತ ನೋಡಲು ಅಂದ. ಗಾಜಿನ ಮನೆಯಲ್ಲಿ ಕಲ್ಲು ಬೀಳುವುದು ಅಪಾಯವೆಂಬುದೂ ನಿಜ. ಆದರೆ ಕಲ್ಲಿನ ಭಯಕ್ಕೆ ಗಾಜನ್ನೆಲ್ಲ ತೆಗೆದು ಗೋಡೆ ಕಟ್ಟಿಬಿಟ್ಟರೆ, ಒಳಗೆ ನಡೆಯುವುದೇನೆಂದು ಹೊರಗಿನ ಪ್ರಜೆಗೆ ತಿಳಿಯುವ ದಾರಿಯೇ ಉಳಿಯುವುದಿಲ್ಲ.