ಮೊದಲು ತಲೆ ಎತ್ತೋಣ, ಆಮೇಲೆ ಫಾರ್ವರ್ಡ್ ಮಾಡೋಣ

2025ರ ಜನವರಿಯಲ್ಲಿ ನಮ್ಮ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪಿನ ತುಂಬ ಒಂದೇ ಸುದ್ದಿ: ಆರು ಗ್ರಹಗಳು ಸಾಲಾಗಿ ನಿಲ್ಲುತ್ತವಂತೆ! ಜೊತೆಗಿದ್ದ ಚಿತ್ರದಲ್ಲಿ ಗ್ರಹಗಳು ಮಣಿಸರದಂತೆ ಹೊಳೆಯುತ್ತಿದ್ದವು. ಅದನ್ನು ನಂಬಿ ತಾರಸಿ ಹತ್ತಿದವರಲ್ಲಿ ಹಲವರು ‘ಇಷ್ಟೇನಾ?’ ಎಂದು ಇಳಿದುಬಂದರು.

ಬರಿಗಣ್ಣಿಗೆ ಕಂಡಿದ್ದು ನಾಲ್ಕೇ: ಪಶ್ಚಿಮದಲ್ಲಿ ಶುಕ್ರ, ಶನಿ, ನೆತ್ತಿಯ ಬಳಿ ಗುರು, ಪೂರ್ವದಲ್ಲಿ ಮಂಗಳ. ಯುರೇನಸ್, ನೆಪ್ಚೂನ್ ನೋಡಲು ದೂರದರ್ಶಕವೇ ಬೇಕು. ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸೂರ್ಯನನ್ನು ಸುತ್ತುವುದರಿಂದ, ಆಕಾಶದಲ್ಲಿ ಅವು ಯಾವಾಗಲೂ ಒಂದೇ ಹಾದಿಯ ಆಸುಪಾಸಿನಲ್ಲಿ ಕಾಣುತ್ತವೆ.

ಸುಳ್ಳು ಹುಟ್ಟುವ ಬಗೆಯೂ ಕುತೂಹಲಕರ. 2003ರ ಆಗಸ್ಟ್ 27ರಂದು ಮಂಗಳ ಗ್ರಹ ಸುಮಾರು 60 ಸಾವಿರ ವರ್ಷಗಳಲ್ಲೇ ಭೂಮಿಗೆ ಅತಿ ಸಮೀಪ ಬಂದಿತ್ತು. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಅದು, ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಸಂದೇಶ ಹರಡಿತು. ಕೈಯಿಂದ ಕೈಗೆ ದಾಟುವಾಗ ‘ದೂರದರ್ಶಕ’ ಬಿದ್ದುಹೋಯಿತು. ‘ಚಂದ್ರನಷ್ಟು ದೊಡ್ಡ ಮಂಗಳ’ ಮಾತ್ರ ಉಳಿದು, ಮುಂದಿನ ವರ್ಷಗಳ ಆಗಸ್ಟ್‌ನಲ್ಲೂ ಮತ್ತೆ ಮತ್ತೆ ಬಂತು.

ಇದರಿಂದ ಏನು ನಷ್ಟ? ಉತ್ಪ್ರೇಕ್ಷೆಗೆ ಒಗ್ಗಿದ ಕಣ್ಣಿಗೆ ನಿಜವಾದ ಅಚ್ಚರಿ ಸಪ್ಪೆ ಎನಿಸುತ್ತದೆ. ಪರೀಕ್ಷಿಸದೆ ನಂಬುವ ಅಭ್ಯಾಸವೂ ಬೆಳೆಯುತ್ತದೆ. ನಕಲಿ ನೇಮಕಾತಿ ಅಧಿಸೂಚನೆ ನಮ್ಮನ್ನು ತಲುಪುವುದೂ ಇಂಥ ಗ್ರೂಪುಗಳಲ್ಲೇ ಅಲ್ಲವೇ? ಅಲ್ಲಿ ಕಳೆದುಕೊಳ್ಳುವುದು ಹಣವನ್ನು.

ಆಕಾಶವನ್ನು ಪರೀಕ್ಷಿಸಲು ಖರ್ಚಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬಂದು ನೆರಳು ಮಾಯವಾಗುತ್ತದೆ ಎನ್ನುತ್ತಾರೆ. ನಂಬಬೇಡಿ, ಬಿಸಿಲಲ್ಲಿ ಒಂದು ಕೋಲು ನೇರವಾಗಿ ನಿಲ್ಲಿಸಿ, ದಿನಾಂಕ, ಸಮಯ, ನೆರಳಿನ ಉದ್ದ ಬರೆದುಕೊಳ್ಳಿ. ಆಮೇಲೆ ಧೈರ್ಯವಾಗಿ ಫಾರ್ವರ್ಡ್ ಮಾಡಿ.