ಕರೂರಿನಲ್ಲಿ ಆಟಿಸಂ ಮಕ್ಕಳಿಗೂ ಒಂದು ನಿವೇಶನ ಕೊಡಿ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ಒಂದು ಹಗಲು ಆರೈಕೆ ಮತ್ತು ಥೆರಪಿ ಕೇಂದ್ರ ಬೇಕು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ತನ್ನ ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯಕ್ಕೆಂದು ಜಾಗ ಮೀಸಲಿಡುತ್ತದೆ. ಅಂಥದ್ದೊಂದು ನಿವೇಶನವನ್ನು ಇದಕ್ಕೆ ಕೊಡಬೇಕು. ಈ ಮಾತೆತ್ತಿದರೆ ಬರುವ ಆಕ್ಷೇಪ ಗೊತ್ತಿರುವುದೇ. ಮಗುವನ್ನು ನೋಡಿಕೊಳ್ಳುವುದು ಮನೆಯವರ ಕೆಲಸ, ಫ್ಯಾಕ್ಟರಿಯವರಿಗೇಕೆ ಈ ಉಸಾಬರಿ, ಅಷ್ಟಕ್ಕೂ ಊರಿಗೆ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರವೇ (ಸಿಆರ್‌ಸಿ) ಬಂದಿದೆಯಲ್ಲ ಎನ್ನುತ್ತಾರೆ.

ಮನೆಯವರ ಕೆಲಸ ಎನ್ನುವವರು ಅಂಥ ಮನೆಯೊಳಗೆ ಒಂದು ದಿನ ಕೂತು ನೋಡಬೇಕು. ಆರು ವರ್ಷದ ಹುಡುಗ, ಇನ್ನೂ ಮಾತು ಬಂದಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಹಾಗಾಗಿ ತಾಯಿ ಪಾತ್ರೆಯಲ್ಲೇ ಅನ್ನ ಬಸಿಯುತ್ತಾಳೆ. ಬಾಗಿಲು ತೆರೆದಿದ್ದರೆ ರಸ್ತೆಗೆ ಓಡುತ್ತಾನೆ, ಅದಕ್ಕೇ ಚಿಲಕವನ್ನು ಅವನ ಕೈಗೆಟುಕದಷ್ಟು ಮೇಲೆ ಹಾಕಿಸಿದ್ದಾರೆ. ಅವಳು ಸ್ನಾನಕ್ಕೆ ಹೋಗಬೇಕಾದರೂ ಪಕ್ಕದ ಮನೆಯವರನ್ನು ಕರೆದು ಕೂರಿಸಬೇಕು. ಮದುವೆ, ಜಾತ್ರೆಗೆ ಹೋಗುವುದು ನಿಂತೇ ಹೋಗಿದೆ. ಹೋದರೆ ಮಗುವಿಗೆ ಆ ಗದ್ದಲ ತಡೆಯಲಾಗದು, ಇವಳಿಗೆ "ಮೊಬೈಲ್ ಕೊಟ್ಟು ಹಾಳು ಮಾಡಿದೆ" ಎಂಬ ಮಾತು ತಡೆಯಲಾಗದು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದ ಕೆಲಸ ಬಿಟ್ಟಾಯಿತು. ಈಗ ಗಂಡನ ಒಂದೇ ಸಂಬಳದಲ್ಲಿ ಬಾಡಿಗೆ, ರೇಷನ್, ಆಟೊ ಖರ್ಚು, ಸ್ಪೀಚ್ ಥೆರಪಿಯ ಫೀಸು ಎಲ್ಲವೂ ಆಗಬೇಕು. ಇದು ಯಾವುದೋ ಒಂದು ಮನೆಯ ಕಥೆಯಲ್ಲ. 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶಿಫ್ಟ್‌ನಲ್ಲಿ ದುಡಿಯುವವರ ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ.

ತಾಯಿಯ ಮೇಲೆ ಹೊರಿಸುವ ತಪ್ಪಿನ ಬಗ್ಗೆ ಒಂದು ಮಾತು. ಕಳೆದ ಶತಮಾನದ ಮಧ್ಯದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರೂ ತಾಯಿಗೆ ಮಮತೆ ಇಲ್ಲದ್ದರಿಂದಲೇ ಮಗುವಿಗೆ ಹೀಗಾಗುತ್ತದೆ ಎಂದು ಹೇಳಿ ಸಾವಿರಾರು ಹೆಂಗಸರ ಬದುಕು ಕಹಿ ಮಾಡಿದ್ದರು. ವಿಜ್ಞಾನ ಅದನ್ನು ಎಂದೋ ಕೈಬಿಟ್ಟಿದೆ. ಆಟಿಸಂ ಎನ್ನುವುದು ಮಿದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ, ಯಾರೋ ಮಾಡಿದ ತಪ್ಪಿನ ಫಲವಲ್ಲ. ಅದನ್ನು ವಾಸಿ ಮಾಡುತ್ತೇವೆ ಎನ್ನುವ ಜಾಹೀರಾತುಗಳೂ ಅಷ್ಟೇ ಕ್ರೂರ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆದರೂ ಪೋಷಕರು ಇದ್ದಬದ್ದ ಒಡವೆ ಅಡವಿಟ್ಟು ಇಂಥವರ ಹಿಂದೆ ಹೋಗುವುದು ಹತ್ತಿರದಲ್ಲಿ ಸರಿಯಾದ ನೆರವು ಸಿಗದೆ ಇರುವುದಕ್ಕೆ.

ಇನ್ನು ಸರ್ಕಾರದ ಪಾಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಹೆಚ್ಚಿನ ನೆರವು ಬೇಕಿರುವವರಿಗೆ ಆರೈಕೆದಾರರ ಭತ್ಯೆ ಕೊಡಬೇಕೆಂದು ಅದೇ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಆದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ ಎಂಬ ಮಾತೂ ಅಲ್ಲಿದೆ, ಸರ್ಕಾರಗಳು ನುಣುಚಿಕೊಳ್ಳುವುದು ಅಲ್ಲಿಂದಲೇ. ಕರ್ನಾಟಕದ 2024–25ರ ಬಜೆಟ್ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದಾಗ ಹೆಸರಿಸಿದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಈ ನಾಲ್ಕನ್ನು. ಹೆಜ್ಜೆ ಒಳ್ಳೆಯದು. ಆದರೆ ಹಗಲೂ ರಾತ್ರಿ ಕಣ್ಣಿಟ್ಟು ಕಾಯಬೇಕಾದ ಆಟಿಸಂ ಮಗುವಿನ ತಾಯಿಯ ಹೆಸರು ಆ ಸಾಲಿನಲ್ಲಿ ಇರಲಿಲ್ಲ. ಆಟಿಸಂ ಎಲ್ಲರಲ್ಲೂ ಒಂದೇ ತೀವ್ರತೆಯಲ್ಲಿರುವುದಿಲ್ಲ, ಯಾರಿಗೆ ಕೊಡುವುದು ಯಾರಿಗೆ ಬಿಡುವುದು ಎಂದು ಅಧಿಕಾರಿಗಳು ಕೇಳಬಹುದು. ತೀವ್ರತೆ ಅಳೆಯುವುದಕ್ಕೆಂದೇ ಐಎಸ್‌ಎಎ ಎಂಬ 40 ಅಂಶಗಳ ಭಾರತೀಯ ಮಾಪಕವಿದೆ, ಪ್ರಮಾಣಪತ್ರ ಕೊಡುವಾಗ ಸರ್ಕಾರಿ ವೈದ್ಯರು ಬಳಸುವುದೂ ಅದನ್ನೇ. ಅಂಗವಿಕಲರ ಪಿಂಚಣಿಯ ಅರ್ಹತೆಗೆ ನಂಬುವ ಅಂಕಿಯನ್ನು ಭತ್ಯೆಗೆ ನಂಬಲು ಏನಡ್ಡಿ?

ಕಾರ್ಖಾನೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ಹರಿಹರವನ್ನು ನೆನೆಯಬೇಕು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುವುದರ ಜೊತೆಗೆ ಯಂತ್ರಾಪುರ ಎಂಬ ಕಾರ್ಮಿಕರ ಬಡಾವಣೆಯನ್ನೂ ಕಟ್ಟಿತು, ಕಾರ್ಮಿಕರ ಮಕ್ಕಳಿಗೆ ಶಾಲೆ ಮಾಡಿತು. ದುಡಿಯುವವನ ಮನೆ ಸರಿಯಿದ್ದರೆ ದುಡಿಮೆಯೂ ಸರಿಯಿರುತ್ತದೆ ಎಂಬ ಲೆಕ್ಕ ಅಲ್ಲಿತ್ತು. ಆ ಕಾರ್ಖಾನೆ ಮುಚ್ಚಿತು, ದಾವಣಗೆರೆಯ ಹತ್ತಿ ಗಿರಣಿಗಳೂ ಹೋದವು, ಅವುಗಳ ಜೊತೆ ಕಾರ್ಮಿಕರ ಪರವಾಗಿ ಮಾತಾಡುತ್ತಿದ್ದ ಸಂಘಗಳ ಬಲವೂ ಹೋಯಿತು. ಕರೂರಿನ ಸಣ್ಣ ಘಟಕಗಳಿಗೆ ಒಂಟಿಯಾಗಿ ಶಾಲೆ ಕಟ್ಟು ಎನ್ನುವುದು ನ್ಯಾಯವಲ್ಲ. ಅವುಗಳಲ್ಲಿ ಹೆಚ್ಚಿನವು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಕಾನೂನಿನ ವ್ಯಾಪ್ತಿಗೇ ಬರುವಷ್ಟು ದೊಡ್ಡವಲ್ಲ. ಅದಕ್ಕೇ ಎಲ್ಲರಿಗೂ ಸೇರಿ ಒಂದು ಕೇಂದ್ರ ಎನ್ನುತ್ತಿರುವುದು. ಜಾಗ ಕೆಐಎಡಿಬಿಯದು, ಸಿಬ್ಬಂದಿಯ ಸಂಬಳ ಸರ್ಕಾರದ್ದು, ಕರೆಂಟು, ನೀರು, ವ್ಯಾನಿನ ಖರ್ಚು ಘಟಕಗಳದ್ದು.

ಕೇಂದ್ರವೇ ಏಕೆ, ತಾಯಿಗೆ ರಜೆ ಸಾಲದೇ ಎನ್ನಬಹುದು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕಿಯೊಬ್ಬರ ಪ್ರಕರಣದಲ್ಲಿ, ಅಂಗವಿಕಲ ಮಗುವಿನ ತಾಯಿಗೆ ಆರೈಕೆ ರಜೆ ನಿರಾಕರಿಸುವುದು ಮಹಿಳೆಯರ ದುಡಿಯುವ ಹಕ್ಕಿಗೇ ಧಕ್ಕೆ ಎಂದು ಹೇಳಿತು. ಆ ಮಾತು ಸರ್ಕಾರಿ ನೌಕರರ ಮಟ್ಟಿಗೆ ಬಲ ಕೊಟ್ಟಿತು. ಆದರೆ ಗಾರ್ಮೆಂಟ್ಸ್‌ನ ಹೆಣ್ಣುಮಗಳು ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ, ಪದೇ ಪದೇ ಹಾಕಿದರೆ ಕೆಲಸವೇ ಹೋಗುತ್ತದೆ.

ಸಿಆರ್‌ಸಿ ಇದೆ ನಿಜ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಅಧೀನದಲ್ಲಿ 2017ರಲ್ಲಿ ದಾವಣಗೆರೆಗೆ ಅದು ಬಂದದ್ದು ಈ ಭಾಗದ ಪುಣ್ಯ. ಆದರೆ ಥೆರಪಿ ಒಂದು ಸಲ ಹೋಗಿ ಮಾತ್ರೆ ಬರೆಸಿಕೊಂಡು ಬರುವಂಥದ್ದಲ್ಲ. ನೀರು ಬೇಕಾದಾಗ ಕಿರುಚುವ ಬದಲು ಲೋಟದ ಚಿತ್ರ ಎತ್ತಿ ತೋರಿಸುವುದನ್ನು ಒಂದು ಮಗು ಕಲಿಯಬೇಕಾದರೆ ಅದೇ ಚಿತ್ರ, ಅದೇ ಲೋಟ, ಅದೇ ತಾಳ್ಮೆಯಲ್ಲಿ ತಿಂಗಳುಗಟ್ಟಲೆ ನಡೆಯಬೇಕು. ಕಲಿತ ದಿನ ಮನೆಯ ಅರ್ಧ ಅಳು ನಿಲ್ಲುತ್ತದೆ. ಹರಿಹರದಿಂದ ಎರಡು ಬಸ್ಸು ಬದಲಿಸಿ, ಗದ್ದಲಕ್ಕೆ ಬೆದರುವ ಮಗುವನ್ನು ಎತ್ತಿಕೊಂಡು, ಕೂಲಿ ಬಿಟ್ಟು ವಾರಕ್ಕೆ ಮೂರು ಸಲ ಬರುವುದು ಎಷ್ಟು ಜನರಿಂದ ಆದೀತು? ಪರಿಣತರು ಸಿಆರ್‌ಸಿಯಲ್ಲಿರಲಿ, ನಿತ್ಯದ ಅಭ್ಯಾಸ ಕರೂರಿನಲ್ಲಿ ನಡೆಯಲಿ.

ಅಷ್ಟು ತಜ್ಞರು ಎಲ್ಲಿ ಸಿಗುತ್ತಾರೆ ಎಂಬ ಪ್ರಶ್ನೆಗೂ ಉತ್ತರವಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ತರಬೇತಿ ಪಡೆದು ಪೋಷಕರಿಗೆ ಕಲಿಸಿದರು. ತಂದೆತಾಯಿ ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗುವೇ ಮುಂದಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು. ನಮ್ಮಲ್ಲಿ ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ತಲೆಗೆ ಇನ್ನೊಂದು ಬಿಟ್ಟಿ ಚಾಕರಿ ಕಟ್ಟುವುದು ಬೇಡ. ತರಬೇತಿಯ ಜೊತೆ ಅದಕ್ಕೆ ತಕ್ಕ ಗೌರವಧನವನ್ನೂ ಕೊಡಲಿ.

ವಿಶ್ವ ಆಟಿಸಂ ಜಾಗೃತಿ ದಿನವಾದ ಏಪ್ರಿಲ್ 2ರ ಜಾಥಾ ಬೇಡ ಎನ್ನುತ್ತಿಲ್ಲ. ಅದಕ್ಕೂ ಮೊದಲು ಜಿಲ್ಲಾಧಿಕಾರಿ ಕೆಐಎಡಿಬಿ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಸಿಆರ್‌ಸಿ, ಕರೂರಿನ ಉದ್ಯಮಿಗಳು ಇಷ್ಟು ಜನರನ್ನು ಒಂದೇ ಮೇಜಿನ ಸುತ್ತ ಕೂರಿಸಿ ನಿವೇಶನದ ವಿಷಯ ತೀರ್ಮಾನಿಸಲಿ. ಆ ಸಭೆಗೆ ಪೋಷಕರನ್ನೂ ಕರೆಯಲಿ, ಅವರ ಕೂಲಿ ಹೋಗದಂತೆ ಸಭೆಯನ್ನು ಭಾನುವಾರವೇ ಇಟ್ಟುಕೊಳ್ಳಲಿ, ಅವರು ಒಳಗೆ ಮಾತಾಡುವಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಹೊರಗೆ ಇಬ್ಬರನ್ನು ನೇಮಿಸಲಿ.