ರಟ್ಟು ಹಾಕಿದ ಪ್ರಬಂಧಗಳು

ನಾವು ಗುಮಾಸ್ತರು. ಬಿ.ಎಸ್‌ಸಿ.ಯಲ್ಲಿ ಕಲಿತ ಭೌತವಿಜ್ಞಾನ ಕಡತಗಳ ಧೂಳಿನಲ್ಲಿ ಅರ್ಧ ಮರೆತುಹೋಗಿದೆ. ಆದರೂ ಒಂದು ಮಾತನ್ನು ಹೇಳದೆ ಇರಲಾರೆವು.

ನಮ್ಮ ಸಹೋದ್ಯೋಗಿಯ ಮಗ ಈ ಊರಿನ ಆಸ್ಪತ್ರೆಯೊಂದರಲ್ಲಿ ರೇಡಿಯಾಲಜಿ ಎಂ.ಡಿ. ಓದುತ್ತಿದ್ದಾನೆ. ಪ್ರಬಂಧ ಎಲ್ಲಿಗೆ ಬಂತೆಂದು ಕೇಳಿದೆವು. “ಹಗಲೆಲ್ಲ ಅಲ್ಟ್ರಾಸೌಂಡ್, ರಾತ್ರಿಯೆಲ್ಲ ಸಿ.ಟಿ. ವರದಿ. ಪ್ರಬಂಧ ಬರೆಯುವುದು ನಿದ್ದೆಗಣ್ಣಿನಲ್ಲಿ ಮಾಮಾ” ಎಂದ. ಮೂರು ವರ್ಷದ ಈ ಓದಿನಲ್ಲಿ ಪ್ರಬಂಧ ಕಡ್ಡಾಯ. 2023ರ ನಿಯಮಗಳಲ್ಲಿ ಸಂಶೋಧನಾ ವಿಧಾನದ ಕೋರ್ಸೂ ಕಡ್ಡಾಯ. ಅದಕ್ಕೆ ಬೇಕಾದ ಬಿಡುವನ್ನು ಯಾರು ಕಡ್ಡಾಯ ಮಾಡಬೇಕು? ಬಿಡುವಿಲ್ಲದೆ ಬರೆದದ್ದಕ್ಕೆ ಚಿನ್ನದ ಅಕ್ಷರದ ರಟ್ಟು, ಪರೀಕ್ಷೆಗೆ ಕೂರುವ ಅರ್ಹತೆ, ಬಳಿಕ ಗ್ರಂಥಾಲಯದ ಮೂಲೆ!

“ರೋಗಿಗಳ ಸಾಲು ಬೀದಿಯವರೆಗೆ ಇರುವಾಗ ಸಂಶೋಧನೆಯ ಶೋಕಿ ಏಕೆ?” ಎನ್ನುವವರಿದ್ದಾರೆ. ಸ್ವಾಮಿ, ಆ ಸಾಲಿಗಾಗಿಯೇ ಸಂಶೋಧನೆ ಬೇಕು. ಗರ್ಭದಲ್ಲಿರುವ ಮಗುವಿನ ತೂಕವನ್ನು ಅಂದಾಜು ಮಾಡಲು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವುದು 1980ರ ದಶಕದಲ್ಲಿ ಹ್ಯಾಡ್‌ಲಾಕ್ ಮತ್ತು ಸಂಗಡಿಗರು ಅಮೆರಿಕದ ಗರ್ಭಿಣಿಯರನ್ನು ಪರೀಕ್ಷಿಸಿ ಕಟ್ಟಿದ ಸೂತ್ರಗಳು. ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಇಲ್ಲಿಗೆ ಬಂದ ನಮ್ಮ ಹೆಣ್ಣುಮಗಳ ಕೂಸಿಗೂ ಅದೇ ಅಳತೆ. ಕೂಸು ನಿಜವಾಗಿ ಸೊರಗಿದೆಯೋ, ಅಳತೆಗೋಲೇ ಹೊಂದುತ್ತಿಲ್ಲವೋ? ದಿನಕ್ಕೆ ಹತ್ತಾರು ಗರ್ಭಿಣಿಯರನ್ನು ನೋಡುವ ನಮ್ಮ ತರುಣ ವೈದ್ಯರಲ್ಲದೆ ಮತ್ತಾರು ಇದನ್ನು ಹೇಳಬೇಕು?

ಬುದ್ಧಿಗೆ ನಮ್ಮಲ್ಲಿ ಬರವಿಲ್ಲ. 1971ರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಪ್ರಕಟಿಸಿದ ಗಣಿತ, ಸಿ.ಟಿ. ಚಿತ್ರಗಳನ್ನು ಕಟ್ಟುವ ವಿಧಾನಕ್ಕೆ ಬುನಾದಿಯಾಯಿತು. ರಾಮಚಂದ್ರನ್ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ದುಡಿದವರು, ವೈದ್ಯರಲ್ಲ. ಸಿ.ಟಿ.ಗಾಗಿ 1979ರ ನೊಬೆಲ್ ಪಡೆದ ಹೌನ್ಸ್‌ಫೀಲ್ಡ್ ಎಂಜಿನಿಯರು, ಕಾರ್ಮ್ಯಾಕ್ ಭೌತವಿಜ್ಞಾನಿ. ಹೀಗಿರುವಾಗ ವಿದ್ಯಾರ್ಥಿ ವೈದ್ಯನನ್ನು ಭೌತವಿಜ್ಞಾನಿಯ ಪಕ್ಕದಲ್ಲಿ ಕೂರಿಸಲು ಅಡ್ಡಿಯೇನು?

ನಾವು ಕೇಳುವುದು ಮೂರೇ ಮೂರು. ವಾರದಲ್ಲಿ ಒಂದು ದಿನ ಡ್ಯೂಟಿಯಿಲ್ಲದ ಸಂಶೋಧನೆಯ ದಿನ. ವೈದ್ಯ ಮಾರ್ಗದರ್ಶಕರ ಜೊತೆಗೆ ಹತ್ತಿರದ ವಿಜ್ಞಾನ ಸಂಸ್ಥೆಯಿಂದ ಇನ್ನೊಬ್ಬರು. ರೋಗಿಗಳ ಹೆಸರು ತೆಗೆದು, ಹಲವು ಕಾಲೇಜುಗಳು ಒಟ್ಟಾಗಿ ಇಡುವ ಚಿತ್ರಗಳ ಭಂಡಾರ. ಆಗ ಒಬ್ಬೊಬ್ಬರು ಐವತ್ತು ರೋಗಿಗಳಲ್ಲಿ ಕಂಡದ್ದನ್ನು ಸಾವಿರಾರು ರೋಗಿಗಳಲ್ಲಿ ಒರೆಹಚ್ಚಬಹುದು.

ನಮ್ಮ ಸಂಘದಲ್ಲಿ ವೈದ್ಯರಿದ್ದಾರೆ, ಪ್ರಾಧ್ಯಾಪಕರಿದ್ದಾರೆ. ತಮ್ಮ ತಮ್ಮ ಸಭೆಗಳಲ್ಲಿ ಈ ಮಾತನ್ನು ಅವರು ಎತ್ತಲಿ. ಹಾಳೆ ತುಂಬಿಸಿ ಕಟ್ಟಿಡುವ ಕೆಲಸಕ್ಕೆ ನಾವು ಗುಮಾಸ್ತರಿದ್ದೇವೆ. ಅದಕ್ಕೆ ಡಾಕ್ಟರರು ಬೇಕಿಲ್ಲ.